ಅವ್ವನ ಆದಾಯದ ಜಾಗದಲ್ಲಿ ನಾನು ಸೊನ್ನೆ ಬರೆದಿದ್ದೆ

ಪರಿಹಾರದ ಅರ್ಜಿಗೆ ಬೇಕಾದ ವಿವರಗಳ ಹಾಳೆಯೊಂದನ್ನು ಧಾರವಾಡದ ನಮ್ಮ ವಕೀಲರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದರು. ಗಾಯಗೊಂಡವರ ಹೆಸರು, ವಯಸ್ಸು, ವಿಳಾಸ, ಉದ್ಯೋಗ, ತಿಂಗಳ ಆದಾಯ. ಪುಣೆಯ ನಿಗಡಿಯಲ್ಲಿರುವ ಮನೆಯಲ್ಲಿ ರಾತ್ರಿ ಊಟ ಮುಗಿಸಿ ಅದನ್ನು ತುಂಬಲು ಕುಳಿತೆ. ಉದ್ಯೋಗದ ಸಾಲಿಗೆ ಬಂದಾಗ ಊರಿಗೆ ಫೋನ್ ಮಾಡಿದೆ.

‘ಅವ್ವಾ, ಉದ್ಯೋಗ ಅಂತ ಕೇಳ್ಯಾರ. ಏನ್ ಬರೀಲಿ?’

‘ನಂದೇನೋ ಉದ್ಯೋಗ? ಮನ್ಯಾಗ ಇರ್ತೀನಿ ಅಂತ ಬರಿ.’

ಹಾಗೆಯೇ ಬರೆದೆ. ಉದ್ಯೋಗ: ಗೃಹಿಣಿ. ಆದಾಯ: ಸೊನ್ನೆ. ನಾನು ಚಾಕಣದ ಬಿಡಿಭಾಗ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಹದಿನಾಲ್ಕು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಹತ್ತು ರೂಪಾಯಿಯ ವೋಚರು ತಾಳೆಯಾಗದಿದ್ದರೆ ಮನೆಗೆ ಹೊರಡುವವನಲ್ಲ. ಆದರೆ ಅವತ್ತು ಆ ಸೊನ್ನೆ ಬರೆಯುವಾಗ ನನ್ನ ಕೈ ತಡೆಯಲಿಲ್ಲ.

ಮರುದಿನ ಬೆಳಿಗ್ಗೆ ವಕೀಲರ ಫೋನ್ ಬಂತು. ‘ನೀವು ಲೆಕ್ಕದ ಮನುಷ್ಯಾರು ಅಂತೀರಿ. ಇದೆಂಥಾ ಲೆಕ್ಕ ಬರದೀರಿ? ನಿಮ್ಮ ತಾಯಿಯವರು ದಿನಾ ಬೆಳಿಗ್ಗೆ ಎದ್ದು ಏನೂ ಮಾಡಂಗಿಲ್ಲೇನ್ರೀ?’

ಆ ಒಂದು ಪ್ರಶ್ನೆಯಿಂದ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮಂತೆ ಊರು ಬಿಟ್ಟು ಬಂದವರ ಬದುಕೇ ಹೆದ್ದಾರಿಯ ಮೇಲಿನದು. ಯುಗಾದಿಗೊಮ್ಮೆ, ಗಣಪತಿಗೊಮ್ಮೆ, ದೀಪಾವಳಿಗೊಮ್ಮೆ ಐದಾರು ನೂರು ಕಿಲೋಮೀಟರ್ ಕಾರು ಓಡಿಸುತ್ತೇವೆ. ಯಾರಿಗೂ ಇದರ ಅಗತ್ಯ ಬೀಳದಿರಲಿ. ಬಿದ್ದರೆ ಲೆಕ್ಕ ಗೊತ್ತಿರಲಿ.

ಕಾಗಲ್‌ಗೆ ಮೊದಲು

2022ರ ಅಕ್ಟೋಬರ್, ದೀಪಾವಳಿಗೆ ಎರಡು ದಿನ ಮೊದಲು. ತಿಂಗಳ ಮಟ್ಟಿಗೆ ಪುಣೆಗೆ ಬಂದಿದ್ದ ಅವ್ವನನ್ನು ಧಾರವಾಡಕ್ಕೆ ಕರೆದೊಯ್ಯುತ್ತಿದ್ದೆ. ಹೆಂಡತಿ, ಮಗಳು ಮೊದಲೇ ವಿಜಯಪುರದ ತವರಿಗೆ ಹೋಗಿದ್ದರು. ಕಾಲು ಚಾಚಿಕೊಳ್ಳಲು ಅನುಕೂಲವೆಂದು ಅವ್ವ ಹಿಂದಿನ ಸೀಟಿನಲ್ಲಿ, ನನ್ನ ಬೆನ್ನಿಗೇ ಕುಳಿತಿದ್ದಳು. ಹಿಂದಿನ ತಿಂಗಳಷ್ಟೇ ಪಾಲ್ಘರ್ ಬಳಿ ಸೈರಸ್ ಮಿಸ್ತ್ರಿಯವರು ಕಾರು ಅಪಘಾತದಲ್ಲಿ ತೀರಿಕೊಂಡಿದ್ದರು. ಹಿಂದಿನ ಸೀಟಿನ ಬೆಲ್ಟಿನ ಮಾತು ಎಲ್ಲೆಡೆ ನಡೆದಿತ್ತು. ಅವ್ವ ಬೇಡವೆಂದರೂ ಬೆಲ್ಟ್ ಹಾಕಿಸಿದ್ದೆ. ಆ ದಿನ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ ಇರಬೇಕು.

ಕೊಲ್ಹಾಪುರ ದಾಟಿ, ಕಾಗಲ್ ಇನ್ನೇನು ಬರಬೇಕು ಎನ್ನುವಾಗ ಎಡಗಡೆಯ ರಸ್ತೆಯಿಂದ ಬೈಕೊಂದು ನುಗ್ಗಿತು. ಬ್ರೇಕ್ ಹಾಕಿ ಬಲಕ್ಕೆ ಎಳೆದೆ. ಹಿಂದೆ ವೇಗವಾಗಿ ಬರುತ್ತಿದ್ದ ಲಾರಿ ಕಾರಿನ ಬಲ ಹಿಂಬದಿಗೆ ಗುದ್ದಿತು. ಅವ್ವನ ಬಲಗೈಯ ಮೊಣಕೈ ಹತ್ತಿರದ ಮೂಳೆ ಮುರಿಯಿತು, ಮಣಿಕಟ್ಟು ಪುಡಿಯಾಯಿತು. ನನಗೆ ತರಚು ಗಾಯ ಮಾತ್ರ.

ಕೊಲ್ಹಾಪುರದ ಆಸ್ಪತ್ರೆಯಲ್ಲಿ ಹನ್ನೊಂದು ದಿನ, ಎರಡು ಶಸ್ತ್ರಚಿಕಿತ್ಸೆ, ಕೈಯೊಳಗೆ ಎರಡು ಪ್ಲೇಟು. ಮೂರನೇ ದಿನ ಲಾರಿ ಮಾಲೀಕರ ಕಡೆಯವರೊಬ್ಬರು ಹಣ್ಣಿನ ಬುಟ್ಟಿ ಹಿಡಿದು ಬಂದರು. ‘ಕೇಸು, ಕೋರ್ಟು ಅಂತ ನೀವು ಪುಣೆಯಿಂದ ಎಷ್ಟು ಸಲ ಓಡಾಡುತ್ತೀರಿ? ಐವತ್ತು ಸಾವಿರ ಕೊಡುತ್ತೇವೆ, ಇಲ್ಲಿಗೇ ಮುಗಿಸೋಣ’ ಎಂದರು. ನಿದ್ದೆಗೆಟ್ಟಿದ್ದ ನನಗೆ ಆ ಮಾತು ಸರಿಯೆನಿಸಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಪಕ್ಕದ ಮಂಚದ ರೋಗಿಯ ಮಗ, ನಿಪ್ಪಾಣಿಯ ಹುಡುಗ, ಕಿವಿಯಲ್ಲಿ ಹೇಳಿದ: ‘ಸಹಿ ಮಾಡಬ್ಯಾಡ್ರಿ ಅಣ್ಣಾ. ಮೊದಲು ಎಫ್‌ಐಆರ್ ಆಗಲಿ.’ ಅವನ ಹೆಸರು ಕೇಳುವುದೂ ಮರೆತೆ. ಆ ಋಣ ಹಾಗೆಯೇ ಉಳಿದಿದೆ.

ಅರ್ಜಿ ಎಲ್ಲಿ, ಯಾವಾಗ?

ನನ್ನ ಮೊದಲ ತಪ್ಪು ಕಲ್ಪನೆ ಇದು: ಅಪಘಾತ ಆದದ್ದು ಕೊಲ್ಹಾಪುರ ಜಿಲ್ಲೆಯಲ್ಲಿ, ಆದ್ದರಿಂದ ಕೇಸೂ ಅಲ್ಲಿಯೇ. ಹಾಗೇನಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಪ್ರಕಾರ ಅಪಘಾತ ನಡೆದ ಸ್ಥಳ, ಅರ್ಜಿದಾರರು ವಾಸಿಸುವ ಅಥವಾ ವ್ಯವಹಾರ ನಡೆಸುವ ಸ್ಥಳ, ಎದುರು ಪಕ್ಷದವರು ವಾಸಿಸುವ ಸ್ಥಳ, ಇವುಗಳಲ್ಲಿ ಯಾವುದಾದರೂ ಒಂದು ಕಡೆಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಅವ್ವ ಇರುವುದು ಧಾರವಾಡದ ಕಾಮನಕಟ್ಟಿಯಲ್ಲಿ. ಹಾಗಾಗಿ ಧಾರವಾಡದಲ್ಲೇ ಹಾಕಿದೆವು. ನೀವು ಚೆನ್ನೈಯಲ್ಲಿದ್ದು, ಅಪಘಾತ ಕೃಷ್ಣಗಿರಿಯಲ್ಲಾಗಿ, ಗಾಯಗೊಂಡ ಅಪ್ಪ ತುಮಕೂರಿನವರಾದರೆ ತುಮಕೂರಿನಲ್ಲೇ ಕೇಸು ನಡೆಸಬಹುದು. ಅವರಿಗೆ ಊರ ಭಾಷೆ, ಊರ ವಕೀಲರು, ನಡೆದು ಹೋಗುವ ದೂರದ ಕೋರ್ಟು ಸಿಗುತ್ತದೆ.

ಎರಡನೆಯದು ಸಮಯ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಈ ಮಿತಿಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ಆದರೆ ಅದನ್ನು ನೆಚ್ಚಿಕೊಂಡು ಕೈಕಟ್ಟಿ ಕೂರುವುದು ಬೇಡ. ನಾವು 2023ರ ಜನವರಿಯಲ್ಲಿ ಹಾಕಿದೆವು.

ಮೂರನೆಯದು ಕಾಗದಪತ್ರ. ಎಫ್‌ಐಆರ್, ಸ್ಥಳದ ಪಂಚನಾಮೆ, ಎರಡೂ ವಾಹನಗಳ ಆರ್‌ಸಿ, ವಿಮಾ ಪಾಲಿಸಿ, ಚಾಲಕರ ಲೈಸೆನ್ಸ್, ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಕಾರ್ಡು, ಒಂದೊಂದು ಬಿಲ್ಲು. ಎಕ್ಸ್‌ರೇ ಹಾಳೆಗಳನ್ನೂ ಬಿಸಾಡಬೇಡಿ. ನಮ್ಮ ಎಫ್‌ಐಆರ್ ಮರಾಠಿಯಲ್ಲಿತ್ತು; ಅದನ್ನು ಕನ್ನಡಕ್ಕೆ ಅನುವಾದ ಮಾಡಿಸಿ ಕೊಡಬೇಕಾಯಿತು. ಪುಣೆಯಲ್ಲಿ ಹದಿನಾಲ್ಕು ವರ್ಷ ಮರಾಠಿಯಲ್ಲಿ ತರಕಾರಿ ಕೊಂಡಿದ್ದೇನೆ, ಆಫೀಸು ನಡೆಸಿದ್ದೇನೆ. ಪೊಲೀಸರ ಮರಾಠಿ ಬೇರೆಯೇ ಎಂಬುದು ಆಗ ತಿಳಿಯಿತು.

ಕೋರ್ಟಿನ ಲೆಕ್ಕ ಹೇಗೆ ನಡೆಯುತ್ತದೆ

ಪರಿಹಾರ ಎಂದರೆ ನ್ಯಾಯಾಧೀಶರು ಮನಸ್ಸಿಗೆ ಬಂದಷ್ಟು ಬರೆಯುವ ಮೊತ್ತ ಎಂದುಕೊಂಡಿದ್ದೆ. ಅಲ್ಲ. ಅದಕ್ಕೊಂದು ಸೂತ್ರವಿದೆ. ಆ ಸೂತ್ರ ಲೆಕ್ಕ ಬಲ್ಲವರಿಗೆ ಐದು ನಿಮಿಷದ ಕೆಲಸ.

ಮೊದಲು ಸಾವಿನ ಪ್ರಕರಣದ ಲೆಕ್ಕ ನೋಡೋಣ, ಸೂತ್ರದ ಬೇರು ಅಲ್ಲಿದೆ. ಸುಪ್ರೀಂ ಕೋರ್ಟು 2009ರಲ್ಲಿ ಸರಳಾ ವರ್ಮಾ ಪ್ರಕರಣದಲ್ಲಿ ವಯಸ್ಸಿಗೆ ತಕ್ಕ ಗುಣಕದ ಪಟ್ಟಿಯನ್ನು ಸ್ಥಿರಪಡಿಸಿತು. ತೀರಿಕೊಂಡವರ ವಯಸ್ಸು 25ರವರೆಗೆ ಇದ್ದರೆ 18, 26ರಿಂದ 30ಕ್ಕೆ 17, 31ರಿಂದ 35ಕ್ಕೆ 16, 36ರಿಂದ 40ಕ್ಕೆ 15, 41ರಿಂದ 45ಕ್ಕೆ 14, 46ರಿಂದ 50ಕ್ಕೆ 13, 51ರಿಂದ 55ಕ್ಕೆ 11, 56ರಿಂದ 60ಕ್ಕೆ 9, 61ರಿಂದ 65ಕ್ಕೆ 7, ಅದರ ಮೇಲೆ 5. ವರ್ಷದ ಆದಾಯವನ್ನು ಈ ಸಂಖ್ಯೆಯಿಂದ ಗುಣಿಸಬೇಕು.

ಆ ಆದಾಯಕ್ಕೂ ಎರಡು ಬದಲಾವಣೆಗಳಿವೆ. ಮನುಷ್ಯ ಬದುಕಿದ್ದರೆ ಮುಂದೆ ಸಂಬಳ ಏರುತ್ತಿತ್ತಲ್ಲ, ಅದಕ್ಕಾಗಿ ಒಂದಿಷ್ಟು ಸೇರಿಸುತ್ತಾರೆ. 2017ರ ಪ್ರಣಯ್ ಸೇಠಿ ತೀರ್ಪಿನಂತೆ ಕಾಯಂ ನೌಕರಿಯವರಿಗೆ 40 ವರ್ಷದೊಳಗಾದರೆ ಶೇ 50, 40ರಿಂದ 50ರವರೆಗೆ ಶೇ 30, 50ರಿಂದ 60ರವರೆಗೆ ಶೇ 15. ಸ್ವಂತ ದುಡಿಮೆಯವರಿಗೆ ಕ್ರಮವಾಗಿ ಶೇ 40, 25 ಮತ್ತು 10. ಇನ್ನೊಂದು ಬದಲಾವಣೆ ಕಡಿತ. ತೀರಿಕೊಂಡವರು ತಮಗಾಗಿ ಖರ್ಚು ಮಾಡಿಕೊಳ್ಳುತ್ತಿದ್ದ ಪಾಲು ಎಂದು ಅವಿವಾಹಿತರಾದರೆ ಸಾಮಾನ್ಯವಾಗಿ ಅರ್ಧ, ಅವಲಂಬಿತರು ಇಬ್ಬರು ಮೂವರಿದ್ದರೆ ಮೂರನೇ ಒಂದು, ನಾಲ್ಕರಿಂದ ಆರು ಮಂದಿಯಿದ್ದರೆ ನಾಲ್ಕನೇ ಒಂದು ಭಾಗ ಕಳೆಯುತ್ತಾರೆ.

ಉದಾಹರಣೆಗೆ, ತೆರಿಗೆ ಕಳೆದು ತಿಂಗಳಿಗೆ 50,000 ರೂಪಾಯಿ ಬರುವ 35 ವರ್ಷದ ಕಾಯಂ ನೌಕರ. ಮನೆಯಲ್ಲಿ ಹೆಂಡತಿ, ಮಗು, ತಾಯಿ. ಶೇ 50 ಸೇರಿಸಿದರೆ 75,000. ಮೂರನೇ ಒಂದು ಕಳೆದರೆ 50,000. ವರ್ಷಕ್ಕೆ 6 ಲಕ್ಷ. ಗುಣಕ 16. ಒಟ್ಟು 96 ಲಕ್ಷ. ಇದಲ್ಲದೆ ಸಂಗಾತಿಯನ್ನು ಕಳೆದುಕೊಂಡದ್ದಕ್ಕೆ 40,000, ಆಸ್ತಿ ನಷ್ಟಕ್ಕೆ 15,000, ಅಂತ್ಯಕ್ರಿಯೆಗೆ 15,000 ಎಂದು ಆ ತೀರ್ಪು ನಿಗದಿ ಮಾಡಿತು; ಮೂರು ವರ್ಷಕ್ಕೊಮ್ಮೆ ಇವು ಶೇ 10ರಷ್ಟು ಏರಬೇಕು ಎಂದೂ ಹೇಳಿತು. ಇಂಥ ಮನೆಗೆ ಹತ್ತು ಹದಿನೈದು ಲಕ್ಷದ ‘ರಾಜಿ’ ಹಿಡಿದು ಬರುವವರಿದ್ದಾರೆ. ಲೆಕ್ಕ ಗೊತ್ತಿಲ್ಲದವರು ಅದಕ್ಕೇ ಕೈಮುಗಿಯುತ್ತಾರೆ.

ಗಾಯದ ಪ್ರಕರಣದಲ್ಲಿ ಸ್ವಂತ ಖರ್ಚಿನ ಕಡಿತ ಇಲ್ಲ, ಮನುಷ್ಯ ಬದುಕಿರುತ್ತಾನಲ್ಲ. ಶಾಶ್ವತ ಊನ ಆಗಿದ್ದರೆ ಆದಾಯ, ಗುಣಕಗಳ ಜತೆಗೆ ಮೂರನೆಯ ಸಂಖ್ಯೆಯೊಂದು ಬರುತ್ತದೆ: ದುಡಿಯುವ ಶಕ್ತಿ ಶೇಕಡ ಎಷ್ಟು ಹೋಯಿತು ಎಂಬುದು. ಆಸ್ಪತ್ರೆ ಖರ್ಚು, ನೋವು, ಆರೈಕೆ, ಓಡಾಟ, ಚಿಕಿತ್ಸೆಯ ತಿಂಗಳುಗಳಲ್ಲಿ ತಪ್ಪಿದ ಗಳಿಕೆ, ಮುಂದೆ ಬೇಕಾಗುವ ಚಿಕಿತ್ಸೆ, ಇವೆಲ್ಲ ಪ್ರತ್ಯೇಕ.

ಈಗ ನನ್ನ ಸೊನ್ನೆಯನ್ನು ಈ ಸೂತ್ರದಲ್ಲಿಟ್ಟು ನೋಡಿ. ಸೊನ್ನೆಯನ್ನು ಹನ್ನೊಂದರಿಂದ ಗುಣಿಸಿದರೂ ಸೊನ್ನೆ. ಕೋರ್ಟು ತಾನಾಗಿಯೇ ಏನಾದರೂ ಹಿಡಿಯುತ್ತಿತ್ತೇನೋ. ಆದರೆ ಮಗನೇ ಬರೆದುಕೊಟ್ಟ ಸೊನ್ನೆಯನ್ನು ಎದುರು ಪಕ್ಷದ ವಕೀಲರು ಬಿಡುತ್ತಿದ್ದರೇ?

ನೂರು ರೊಟ್ಟಿಯ ಲೆಕ್ಕ

ಅಪ್ಪ ತೀರಿಕೊಂಡ ಮೇಲೆ ಅವ್ವ ಜೋಳದ ರೊಟ್ಟಿ ಬಡಿದು ಕೊಡಲು ಶುರು ಮಾಡಿದ್ದಳು. ಹತ್ತಿರದ ಎರಡು ಖಾನಾವಳಿಗೆ, ನಾಲ್ಕಾರು ಮನೆಗಳಿಗೆ, ದಿನಕ್ಕೆ ನೂರು ರೊಟ್ಟಿ. ನಾನು ತಿಂಗಳು ತಿಂಗಳು ದುಡ್ಡು ಕಳಿಸುತ್ತಿದ್ದೆ. ‘ಇನ್ನ ಸಾಕು ಮಾಡವ್ವಾ’ ಎನ್ನುತ್ತಿದ್ದೆ. ‘ಕೈ ಸುಮ್ಮನಿರಂಗಿಲ್ಲೋ’ ಎನ್ನುತ್ತಿದ್ದಳು. ನಾನು ಅದನ್ನು ಹೊತ್ತು ಕಳೆಯುವ ಚಟ ಎಂದುಕೊಂಡಿದ್ದೆ, ದುಡಿಮೆ ಎಂದುಕೊಂಡಿರಲಿಲ್ಲ.

ವಕೀಲರು ಕೇಳಿದ ಮೇಲೆ ಊರಿಗೆ ಹೋಗಿ ಹುಡುಕಿದೆ. ಖಾನಾವಳಿಯವರ ಬಳಿ ಉದ್ದನೆಯ ನೋಟ್‌ಬುಕ್ ಇತ್ತು: ದಿನಾಂಕ, ರೊಟ್ಟಿಯ ಸಂಖ್ಯೆ, ಕೊಟ್ಟ ಹಣ. ಗಿರಣಿಯವರ ಬಳಿ ಜೋಳ ಬೀಸಿದ ಲೆಕ್ಕ ಇತ್ತು. ಆರು ರೂಪಾಯಿಗೊಂದು ರೊಟ್ಟಿ. ಜೋಳ, ಬೀಸಿದ ಕೂಲಿ, ಗ್ಯಾಸ್ ಕಳೆದರೆ ರೊಟ್ಟಿಗೆ ಎರಡೂವರೆ ರೂಪಾಯಿ ಉಳಿಯುತ್ತಿತ್ತು. ನೂರಕ್ಕೆ 250; ತಿಂಗಳಿಗೆ ಇಪ್ಪತ್ತೈದು ದಿನವೆಂದರೆ 6,250 ರೂಪಾಯಿ. ಯಾವ ತೆರಿಗೆ ಇಲಾಖೆಗೂ ಗೊತ್ತಿಲ್ಲದ, ಮಗನಿಗೂ ಗೊತ್ತಿಲ್ಲದ ಆದಾಯ.

‘ಇದು ಅರ್ಧ ಮಾತ್ರ’ ಎಂದರು ವಕೀಲರು. ‘ಮನೀ ಕೆಲಸದ ಬೆಲಿ ಎಲ್ಲಿ ಹಿಡದೀರಿ?’

2021ರ ಜನವರಿಯಲ್ಲಿ ಕೀರ್ತಿ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಗೃಹಿಣಿಯ ದುಡಿಮೆಗೆ ಅಂದಾಜು ಆದಾಯ ಹಿಡಿಯಬೇಕು, ಅದಕ್ಕೆ ಮುಂದಿನ ಹೆಚ್ಚಳವನ್ನೂ ಸೇರಿಸಬಹುದು ಎಂದು ಸ್ಪಷ್ಟವಾಗಿ ಹೇಳಿದೆ. ನ್ಯಾಯಮೂರ್ತಿ ಎನ್.ವಿ. ರಮಣ ಅವರು ಅದರಲ್ಲಿ 2019ರ ಸಮಯ ಬಳಕೆ ಸಮೀಕ್ಷೆಯನ್ನು ಉಲ್ಲೇಖಿಸಿದ್ದಾರೆ: ಹೆಂಗಸರು ಸಂಬಳವಿಲ್ಲದ ಮನೆಗೆಲಸಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ. ಸುಮಾರು ಐದು ಗಂಟೆ! ಅದನ್ನು ಓದಿದಾಗ ಪುಣೆಯ ನಮ್ಮ ಮನೆಯ ಲೆಕ್ಕವೂ ಕಣ್ಣ ಮುಂದೆ ಬಂತು. ಹೆಂಡತಿಗೆ ಹೇಳಲಿಲ್ಲ, ಅವಳಿಗೆ ಗೊತ್ತೇ ಇರುವ ವಿಷಯ.

ರೊಟ್ಟಿ ಮತ್ತು ಮನೆಗೆಲಸ ಎರಡೂ ಸೇರಿ ತಿಂಗಳಿಗೆ 15,000 ಎಂದು ಅರ್ಜಿಯಲ್ಲಿ ಬರೆದೆವು. ಖಾನಾವಳಿ ಮಾಲೀಕರು ನೋಟ್‌ಬುಕ್ ಹಿಡಿದು ಬಂದು ಸಾಕ್ಷಿ ಹೇಳಿದರು. ನ್ಯಾಯಮಂಡಳಿ 12,000 ಒಪ್ಪಿಕೊಂಡಿತು.

ಆಮೇಲೆ ಕೈಯ ಲೆಕ್ಕ. ತಜ್ಞ ವೈದ್ಯರು ಪರೀಕ್ಷಿಸಿ, ಬಲಗೈಗೆ ಶೇ 36, ಇಡೀ ದೇಹಕ್ಕೆ ಶೇ 12ರಷ್ಟು ಶಾಶ್ವತ ಊನ ಎಂದು ಪ್ರಮಾಣಪತ್ರ ಕೊಟ್ಟರು. ವಿಮಾ ಕಂಪನಿಯ ವಕೀಲರು ಶೇ 12ಕ್ಕೇ ಅಂಟಿಕೊಂಡರು. ಆದರೆ 2010ರ ರಾಜ್‌ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೇ ಬೇರೆ: ದೇಹದ ಊನದ ಶೇಕಡವಾರು ಮತ್ತು ದುಡಿಮೆಯ ನಷ್ಟದ ಶೇಕಡವಾರು ಒಂದೇ ಅಲ್ಲ. ಈ ವ್ಯಕ್ತಿ ಮೊದಲು ಏನು ಕೆಲಸ ಮಾಡುತ್ತಿದ್ದರು, ಈಗ ಯಾವುದನ್ನು ಮಾಡಬಲ್ಲರು, ಯಾವುದನ್ನು ಮಾಡಲಾರರು ಎಂದು ನೋಡಿ ತೀರ್ಮಾನಿಸಬೇಕು. ಕಾಲಿನ ಬೆರಳು ಹೋದರೆ ಗುಮಾಸ್ತನಿಗೆ ಆಗುವ ನಷ್ಟ ಬೇರೆ, ಹಮಾಲಿಗೆ ಆಗುವ ನಷ್ಟ ಬೇರೆ.

ಇದನ್ನು ಕೋರ್ಟಿಗೆ ಅರ್ಥ ಮಾಡಿಸಿದ್ದು ವಕೀಲರೂ ಅಲ್ಲ, ವೈದ್ಯರೂ ಅಲ್ಲ, ಅವ್ವ. ಪಾಟೀ ಸವಾಲಿನಲ್ಲಿ ಎದುರು ವಕೀಲರು, ‘ನೀವು ಈಗಲೂ ಊಟ ಮಾಡುತ್ತೀರಿ, ಸೀರೆ ಉಡುತ್ತೀರಿ, ಅಂದಮೇಲೆ ಕೈ ಆಡುತ್ತದೆ ತಾನೇ?’ ಎಂದರು. ಅವ್ವ ಬಲಗೈ ಮುಂದೆ ಚಾಚಿ, ‘ಕೈ ಆಡತೈತ್ರಿ. ತಿರುಗಂಗಿಲ್ಲ. ರೊಟ್ಟಿ ಬಡಿಯೂ ಮುಂದ ಅಂಗೈ ತಿರುಗಬೇಕರಿ’ ಎಂದಳು. ನ್ಯಾಯಾಧೀಶರು ಬರೆದುಕೊಂಡರು. ಕೊನೆಗೆ ದುಡಿಮೆಯ ನಷ್ಟ ಶೇ 30 ಎಂದು ಹಿಡಿದರು.

ತಾಯಿ ಅರ್ಜಿದಾರಳು, ಮಗ ಪ್ರತಿವಾದಿ

ಲೆಕ್ಕಕ್ಕಿಂತ ಕಷ್ಟವಾದದ್ದು ಇನ್ನೊಂದಿತ್ತು.

ಲಾರಿಯ ವಿಮಾ ಕಂಪನಿ ತನ್ನ ಉತ್ತರದಲ್ಲಿ, ‘ಕಾರಿನ ಚಾಲಕ ಹಿಂದೆ ನೋಡದೆ ಒಮ್ಮೆಲೆ ಬಲಕ್ಕೆ ತಿರುಗಿಸಿದ್ದೇ ಅಪಘಾತಕ್ಕೆ ಕಾರಣ’ ಎಂದು ಬರೆದಿತ್ತು. ಕಾರಿನ ಚಾಲಕ ಎಂದರೆ ನಾನು. ವಕೀಲರು, ‘ಹಾಗಾದರೆ ನಿಮ್ಮನ್ನೂ, ನಿಮ್ಮ ಕಾರಿನ ವಿಮಾ ಕಂಪನಿಯನ್ನೂ ಪ್ರತಿವಾದಿ ಮಾಡಬೇಕು’ ಎಂದರು.

ಅವ್ವ ಒಪ್ಪಲಿಲ್ಲ. ‘ಹೆತ್ತ ಮಗನ ಮ್ಯಾಲೆ ಕೇಸ್ ಹಾಕಿ ರೊಕ್ಕ ತಗೋಬೇಕೇನು? ನನಗ ಆ ರೊಕ್ಕ ಬ್ಯಾಡ.’ ಎರಡು ದಿನ ನನ್ನ ಜತೆ ಸರಿಯಾಗಿ ಮಾತಾಡಲಿಲ್ಲ. ವಕೀಲರು ಮನೆಗೇ ಬಂದು ಕೂತು ಬಿಡಿಸಿ ಹೇಳಿದರು. ‘ಅಮ್ಮಾರ, ರೊಕ್ಕ ಮಗನ ಕಿಸೇದಿಂದ ಬರಂಗಿಲ್ಲ. ಅವರು ವರ್ಷಾ ವರ್ಷಾ ಕಂಪನಿಗೆ ಪ್ರೀಮಿಯಂ ಕಟ್ಟಿದ್ದು ಇದಕ್ಕನ. ಇದು ಜಗಳ ಅಲ್ಲ, ಬರೇ ಕಾಗದದ ಮ್ಯಾಲಿನ ಮಾತು.’

ಇಲ್ಲಿ ಓದುಗರು ಗಮನಿಸಬೇಕಾದ ಎರಡು ವಿಷಯಗಳಿವೆ. ಒಂದು, ಕಾರಿನಲ್ಲಿ ಕುಳಿತವರದ್ದು ಅಪಘಾತದಲ್ಲಿ ಯಾವ ತಪ್ಪೂ ಇರುವುದಿಲ್ಲ. ಎರಡು ವಾಹನಗಳ ಚಾಲಕರ ತಪ್ಪು ಸೇರಿ ಅಪಘಾತವಾದರೆ ಪ್ರಯಾಣಿಕರ ಪರಿಹಾರದಲ್ಲಿ ಬಿಡಿಗಾಸೂ ಕಡಿತವಾಗದು. ಅವರು ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ತಿ ವಸೂಲಿ ಮಾಡಿಕೊಳ್ಳಬಹುದು ಎಂದು ಸುಪ್ರೀಂ ಕೋರ್ಟು 2015ರಲ್ಲಿ ಖೆನ್ಯೇಯಿ ಪ್ರಕರಣದಲ್ಲಿ ಹೇಳಿದೆ. ಕಡಿತವಾಗುವುದು ತಪ್ಪಿನಲ್ಲಿ ಪಾಲಿರುವ ಚಾಲಕನ ಸ್ವಂತ ಪರಿಹಾರದಲ್ಲಿ ಮಾತ್ರ. ಎರಡು, ನಿಮ್ಮ ಪಾಲಿಸಿ ಬರೀ ಥರ್ಡ್ ಪಾರ್ಟಿಯದ್ದೋ, ಸಮಗ್ರ ಪಾಲಿಸಿಯೋ ನೋಡಿಕೊಳ್ಳಿ. ಖಾಸಗಿ ಕಾರಿನ ಸಮಗ್ರ ಪಾಲಿಸಿ ಒಳಗೆ ಕುಳಿತವರನ್ನೂ ರಕ್ಷಿಸುತ್ತದೆ. ಕಾಯ್ದೆಗೆ ಬೇಕಾದಷ್ಟು ಮಾತ್ರ ಮಾಡಿಸಿದ ಅಗ್ಗದ ಪಾಲಿಸಿ ರಕ್ಷಿಸುವುದಿಲ್ಲ. ಹಳೆಯ ಕಾರಿಗೆ ದುಡ್ಡು ಉಳಿಸಲು ಥರ್ಡ್ ಪಾರ್ಟಿ ಸಾಕು ಎನ್ನುವವರು, ಊರಿಂದ ಬರುವ ಅಪ್ಪ ಅಮ್ಮ ಕೂರುವುದು ಅದೇ ಕಾರಿನಲ್ಲಿ ಎಂಬುದನ್ನು ನೆನಪಿಡಿ.

ಕಟಕಟೆಯಲ್ಲಿ ನನ್ನ ಸರದಿ ಬಂತು. ‘ಬಲಕ್ಕೆ ತಿರುಗಿಸುವ ಮೊದಲು ಕನ್ನಡಿ ನೋಡಿದಿರಾ?’ ಎಂದು ಲಾರಿ ಕಡೆಯ ವಕೀಲರು ಕೇಳಿದರು.

ಅದೇ ಪ್ರಶ್ನೆಯನ್ನು ಎರಡು ವರ್ಷದಿಂದ ರಾತ್ರಿಗಳಲ್ಲಿ ನನ್ನನ್ನು ನಾನೇ ಕೇಳಿಕೊಂಡಿದ್ದೆ. ನೋಡಿದೆ ಎಂದರೆ ಸುಳ್ಳೆಂದು ಸಾಬೀತು ಮಾಡುವವರು ಯಾರೂ ಇರಲಿಲ್ಲ. ಅವ್ವ ಎದುರು ಬೆಂಚಿನಲ್ಲಿ ಕುಳಿತಿದ್ದಳು.

‘ಇಲ್ಲ. ಬೈಕಿನವರನ್ನು ಉಳಿಸುವ ಗಡಿಬಿಡಿಯಲ್ಲಿ ನೋಡಲಿಲ್ಲ’ ಎಂದೆ.

ತೀರ್ಪಿನಲ್ಲಿ ಅದಕ್ಕೂ ಒಂದು ಅಂಕಿ ಬಂತು. ಅಂತರ ಬಿಡದೆ ವೇಗವಾಗಿ ಬಂದ ಲಾರಿ ಚಾಲಕನ ತಪ್ಪು ಶೇ 75. ನನ್ನದು ಶೇ 25. ಹೊರಗೆ ಬಂದ ಮೇಲೆ ಅವ್ವ ಕೇಳಿದಳು, ‘ಏನಂದ್ರೋ?’ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಷ್ಟ ಅಲ್ಲಾ. ನೀ ಪೂರ್ತಿ ನಿಂದ ಅಂತ ತಿಳ್ಕೊಂಡು ಕುಂತಿದ್ದಿ’ ಎಂದಳು.

ಆ ರಾತ್ರಿ ಎಷ್ಟೋ ದಿನದ ಮೇಲೆ ನನಗೆ ಒಳ್ಳೆಯ ನಿದ್ದೆ ಬಂತು.

ಕೈಗೆ ಬಂದದ್ದು

2025ರ ಫೆಬ್ರುವರಿಯಲ್ಲಿ ಬಂದ ತೀರ್ಪಿನ ಲೆಕ್ಕ ಹೀಗಿದೆ. ತಿಂಗಳ ಆದಾಯ 12,000. ಅವ್ವನಿಗೆ ಆಗ 52 ವರ್ಷ, ಸ್ವಂತ ದುಡಿಮೆ. ಶೇ 10 ಸೇರಿಸಿ 13,200. ವರ್ಷಕ್ಕೆ 1,58,400. ಗುಣಕ 11, ಅಂದರೆ 17,42,400. ಅದರ ಶೇ 30 ಎಂದರೆ 5,22,720 ರೂಪಾಯಿ. ವಿಮಾ ಕಂಪನಿ ಹೇಳಿದ ಶೇ 12 ಹಿಡಿದಿದ್ದರೆ ಇದು 2,09,088 ಆಗುತ್ತಿತ್ತು.

ಆಸ್ಪತ್ರೆಯ ಬಿಲ್ಲು 3,18,000. ನೋವಿಗೆ 60,000. ಆರೈಕೆ, ಪೌಷ್ಟಿಕ ಆಹಾರ, ಓಡಾಟಕ್ಕೆ 40,000. ಬದುಕಿನ ಸುಖ ಸೌಕರ್ಯ ಕಳೆದುಕೊಂಡದ್ದಕ್ಕೆ 50,000. ನಾಲ್ಕು ತಿಂಗಳ ಗಳಿಕೆಯ ನಷ್ಟ 48,000. ಮುಂದೆ ಪ್ಲೇಟು ತೆಗೆಸಲು 40,000. ಒಟ್ಟು 10,78,720. ಅರ್ಜಿ ಹಾಕಿದ ದಿನದಿಂದ ಶೇ 6ರ ಬಡ್ಡಿ, ಮುಂದಿನ ಚಿಕಿತ್ಸೆಯ ಮೊತ್ತವನ್ನು ಬಿಟ್ಟು. ಲಾರಿಯ ಕಂಪನಿ 8,09,040, ನನ್ನ ಕಾರಿನ ಕಂಪನಿ 2,69,680 ಕೊಡಬೇಕೆಂದು ಆದೇಶವಾಯಿತು. ಒಂದು ಭಾಗವನ್ನು ಅವ್ವನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಡಿಸಿದರು.

ಇದಕ್ಕೂ ಹಿಂದಿನ ವರ್ಷ ಲೋಕ ಅದಾಲತ್‌ನಲ್ಲಿ ಎಲ್ಲ ಸೇರಿ 5 ಲಕ್ಷಕ್ಕೆ ಮುಗಿಸಲು ಕೇಳಿದ್ದರು. ಆಸ್ಪತ್ರೆಯ ಬಿಲ್ಲು ಕಳೆದರೆ ಉಳಿಯುತ್ತಿದ್ದದ್ದು 1,82,000. ಲೋಕ ಅದಾಲತ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಬೇಗ ಹಣ ಕೈಗೆ ಬರುವುದೂ ಎಷ್ಟೋ ಮನೆಗಳಿಗೆ ಮುಖ್ಯ. ಆದರೆ ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇಲ್ಲ. ಸೂತ್ರದ ಪ್ರಕಾರ ಎಷ್ಟು ಬರಬೇಕೆಂದು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಆಮೇಲೆ ಎಷ್ಟು ಬಿಟ್ಟುಕೊಡಬೇಕೆಂದು ನೀವೇ ತೀರ್ಮಾನಿಸಿ.

ಸಹೋದ್ಯೋಗಿಗಳು ಕೇಳಿದ ಎರಡು ಪ್ರಶ್ನೆಗಳಿಗೂ ಇಲ್ಲೇ ಉತ್ತರಿಸುತ್ತೇನೆ. ಆಸ್ಪತ್ರೆ ಬಿಲ್ಲನ್ನು ನಮ್ಮ ಕಂಪನಿಯ ಆರೋಗ್ಯ ವಿಮೆ ಕಟ್ಟಿದರೆ ಅಷ್ಟು ಮೊತ್ತ ಪರಿಹಾರದಲ್ಲಿ ಕಡಿತವಾಗುತ್ತದೆಯೇ? ಕೋರ್ಟುಗಳಲ್ಲಿ ಇದರ ಬಗ್ಗೆ ಬೇರೆ ಬೇರೆ ಅಭಿಪ್ರಾಯಗಳಿವೆ; ಕಡಿತ ಮಾಡಕೂಡದು ಎಂದು ಬಾಂಬೆ ಹೈಕೋರ್ಟಿನ ಪೂರ್ಣಪೀಠ 2025ರ ಮಾರ್ಚ್‌ನಲ್ಲಿ ಹೇಳಿದೆ. ಆದ್ದರಿಂದ ವಿಮೆ ಕಟ್ಟಿದ್ದರೂ ಬಿಲ್ಲಿನ ಪ್ರತಿಗಳನ್ನು ಇಟ್ಟುಕೊಳ್ಳಿ. ಗುದ್ದಿದ ವಾಹನ ಸಿಗದೇ ಓಡಿಹೋದರೆ? ಆಗಲೂ ಪೂರ್ತಿ ಕೈಚೆಲ್ಲಬೇಕಿಲ್ಲ. ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಕೊಡುವ ಸರ್ಕಾರಿ ಯೋಜನೆ ಇದೆ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗಿನ ನಗದುರಹಿತ ಚಿಕಿತ್ಸೆಯ ಯೋಜನೆಯನ್ನೂ ಕೇಂದ್ರ ಸರ್ಕಾರ ಪ್ರಕಟಿಸಿದೆ.

ಇಷ್ಟೆಲ್ಲ ಬರೆದ ಮೇಲೂ ನನಗೆ ಮುಖ್ಯವೆನಿಸುವುದು ಒಂದೇ. ಕಾನೂನಿನ ಸೂತ್ರದಲ್ಲಿ ನಮ್ಮ ತಾಯಂದಿರ ದುಡಿಮೆಗೆ ಜಾಗವಿದೆ. ಅಲ್ಲಿ ಸೊನ್ನೆ ಬರೆಯುವವರು ನಾವೇ. ಊರಲ್ಲಿರುವ ನಿಮ್ಮವರು ಹಪ್ಪಳ ಲಟ್ಟಿಸುತ್ತಾರೋ, ಹೂ ಕಟ್ಟುತ್ತಾರೋ, ಎರಡು ಎಮ್ಮೆ ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾರೋ, ರವಿಕೆ ಹೊಲಿಯುತ್ತಾರೋ ಒಮ್ಮೆ ಕೇಳಿ. ಎಷ್ಟು ಬರುತ್ತದೆಂದು ಕೇಳಿ. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಹೇಳಿ. ಅಪಘಾತಕ್ಕಾಗಿ ಅಲ್ಲದಿದ್ದರೂ, ನಮಗೆ ತಿಳಿದಿರಲಿ ಎಂದಾದರೂ.

ಅವ್ವ ಈಗ ರೊಟ್ಟಿ ಬಡಿಯುವುದಿಲ್ಲ. ಓಣಿಯ ಹುಡುಗಿಯೊಬ್ಬಳು ಬಂದು ಬಡಿಯುತ್ತಾಳೆ. ಅವ್ವ ಹಂಚಿನ ಪಕ್ಕ ಕುಳಿತು ಎಡಗೈಯಲ್ಲಿ ತಿರುವಿ ಹಾಕುತ್ತಾಳೆ. ಖಾನಾವಳಿಯ ನೋಟ್‌ಬುಕ್ಕಿನಲ್ಲಿ ಈಗ ದಿನಕ್ಕೆ ಅರವತ್ತು ರೊಟ್ಟಿಯ ಲೆಕ್ಕವಿದೆ.

ಠೇವಣಿ ಇಡಲು ಅವಳನ್ನು ಬ್ಯಾಂಕಿಗೆ ಕರೆದೊಯ್ದಿದ್ದೆ. ಕೌಂಟರಿನಲ್ಲಿದ್ದ ಹುಡುಗಿ ಫಾರಂ ತುಂಬುತ್ತ, ‘ಅಮ್ಮಾ, ಉದ್ಯೋಗ ಏನು ಬರೀಲಿ?’ ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವನೇ ಹೇಳಿದಳು:

‘ರೊಟ್ಟಿ ವ್ಯಾಪಾರ ಅಂತ ಬರೀ ಯವ್ವಾ.’